ಹಿತ್ತಲಲ್ಲಿ ಅತ್ತೆಯ ಮನೆ

ಬಾಡಿಗೆ ಮನೆಯಲ್ಲಿರುವವನು ಗೋಡೆಗೆ ಒಂದು ಮೊಳೆ ಹೊಡೆದರೂ ಓಣಿಯಲ್ಲಿ ಮಾತು ಹುಟ್ಟುತ್ತದೆ. ಕೋಣೆ ಕಟ್ಟಲು ಹೊರಟರೆ ಕೇಳಬೇಕೆ? ಬೆಟಗೇರಿಯ ನೇಕಾರರ ಓಣಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿತ್ತಲಲ್ಲಿ ಒಂದು ಸಣ್ಣ ಮನೆ ಎದ್ದಿತು. ಅದು ಏಳುವವರೆಗೆ ನಡೆದ ಸಂಗತಿಗಳನ್ನು ಹೇಳಿದಾಗಲೆಲ್ಲ ಶಾಲೆಯ ಜೊತೆಗಾರರು ನಕ್ಕಿದ್ದಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲ ಸಂಗತಿಯಲ್ಲಿ ನಗುವಂಥದ್ದೇನೂ ಇಲ್ಲ. ಅದಿಲ್ಲದೆ ಮುಂದಿನವು ತಿಳಿಯುವುದಿಲ್ಲವಾದ್ದರಿಂದ ಹೇಳಬೇಕು.

ಯುಗಾದಿ ಮುಗಿದ ಮೇಲಿನ ಒಂದು ಸೋಮವಾರ. ಬೇಸಿಗೆಯಾದ್ದರಿಂದ ಬೆಳಗಿನ ಶಾಲೆ. ಹೊರಡುವಾಗ ನನ್ನ ಹೆಂಡತಿ, ‘ಬರೂಮುಂದ ಸುಣ್ಣ ತರ್ರಿ, ಹಿತ್ತಲ ಗ್ವಾಡಿಗೆ ಹಚ್ಚಬೇಕು’ ಎಂದಳು. ನಾಲ್ಕನೆಯ ಇಯತ್ತೆಗೆ ಅಂದು ಭಾಗಾಕಾರ. ಸುಣ್ಣ ಹಿಡಿದು ಓಣಿಗೆ ಬಂದಾಗ ಮಗ್ಗಗಳೆಲ್ಲ ನಿಂತಿದ್ದವು. ಹಿತ್ತಲು ಸಾರಿಸುತ್ತ ಕುಳಿತವಳು ಕುಳಿತಲ್ಲೇ ಒರಗಿದ್ದಳಂತೆ. ಡಾಕ್ಟರು ಎದೆಯ ಬೇನೆ ಎಂದರು. ಮಗಳಿಗೆ ಆಗ ಮೂರು ತುಂಬಿತ್ತು. ಸುಣ್ಣವನ್ನು ಯಾರೋ ಗಡಿಗೆಯಲ್ಲಿ ನೆನೆಹಾಕಿ ಮೂಲೆಗೆ ಇಟ್ಟರು.

ಆ ಮೇಲಿನ ಒಂದು ವರ್ಷ ಅತ್ತೆಯವರು ಬೆಳ್ಳಟ್ಟಿಗೂ ಬೆಟಗೇರಿಗೂ ಓಡಾಡಿದರು. ಬೆಳ್ಳಟ್ಟಿಯಲ್ಲಿ ಅವರದು ತುಂಬಿದ ಮನೆ: ಮಗ, ಸೊಸೆ, ಮೊಮ್ಮಕ್ಕಳು, ಎಮ್ಮೆ. ಇಲ್ಲಿ ತಾಯಿಯಿಲ್ಲದ ಒಬ್ಬ ಮೊಮ್ಮಗಳು. ಬಂದಾಗ ಹಗಲೆಲ್ಲ ನಮ್ಮ ಮನೆಯಲ್ಲಿ ಕೆಲಸ ಮಾಡಿ, ದೀಪ ಹಚ್ಚುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಎದುರಿನ ನೇಕಾರರ ಮನೆಗೆ ಹೋಗಿ ಮಗ್ಗದ ಕುಣಿಯ ಪಕ್ಕದಲ್ಲಿ ಮಲಗುತ್ತಿದ್ದರು. ಅಳಿಯನ ತೊಲೆಯ ಕೆಳಗೆ ಅತ್ತೆ ಮಲಗಬಾರದು, ಅಳಿಯನ ಒಲೆಯ ಮೇಲಿನದನ್ನು ಉಣ್ಣಬಾರದು, ಅಳಿಯನ ಪಂಕ್ತಿಯಲ್ಲಿ ಕೂಡಬಾರದು, ಅಳಿಯನ ಮುಖ ನೋಡಿ ಮಾತಾಡಬಾರದು ಎಂಬುದು ಅವರ ಮನೆತನದ ಪದ್ಧತಿ. ಮಾತಾಡಲೇಬೇಕಾದರೆ ನಮ್ಮ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.

ವರ್ಷದ ಕಾರ್ಯ ಮುಗಿದ ಮರುದಿನ ಅವರು ಕಂಬದ ಮುಂದೆ ನಿಂತರು.

‘ಕೂಸು ಹಿಂಗ ಎರಡೂರಿನ ನಡುವ ಬೆಳೀಬಾರದು. ಹಿತ್ತಲದಾಗ ನನಗೊಂದು ಬ್ಯಾರೆ ಸೂರು ಆದ್ರ ಇಲ್ಲೇ ಇರ್ತೀನಿ. ದೀಪಾವಳಿಯೊಳಗ ಆಗಲಿಲ್ಲಂದ್ರ ಕೂಸಿನ್ನ ಬೆಳ್ಳಟ್ಟಿಗೆ ಕರಕೊಂಡು ಹೋಗತೀನಿ. ಅಲ್ಲೂ ಶಾಲಿ ಐತಿ.’

ಮನೆಯಲ್ಲಿ ನನಗೆ ಉಳಿದಿದ್ದದ್ದು ಆ ಮಗಳೊಬ್ಬಳೇ. ‘ಆತು’ ಎಂದು ನಾನೂ ಕಂಬಕ್ಕೇ ಹೇಳಿದೆ.

ಒಂದೇ ಸೂರಿನ ಭಾಷಣ

ನಮ್ಮ ಮನೆಯ ಮಾಲಕರು ಸೀರೆಯ ವ್ಯಾಪಾರಿ. ಕೈಯಿಂದ ಧಾರಾಳಿ, ಮಾತಿನಿಂದ ಇನ್ನೂ ಧಾರಾಳಿ, ಮೈಯಿಂದ ಎಲ್ಲಕ್ಕಿಂತ ಧಾರಾಳಿ. ಈ ಮೂರನೆಯದನ್ನು ಈಗಲೇ ಹೇಳಿಡುವುದು ಒಳ್ಳೆಯದು.

ಆಗ ಎಲ್ಲೆಲ್ಲೂ ಕರ್ನಾಟಕ ಒಂದಾಗುವ ಮಾತು. ನಾವು ಮುಂಬಯಿಯವರು, ತುಂಗಭದ್ರೆಯ ಆಚೆಗಿನವರು ಮೈಸೂರಿನವರು, ಕೊಪ್ಪಳದವರು ಹೈದರಾಬಾದಿನವರು. ಗದಗಿನಲ್ಲಿ ವಾರಕ್ಕೊಂದು ಸಭೆ. ಅಂಥ ಒಂದು ಸಭೆಯಲ್ಲಿ ನಮ್ಮ ಮಾಲಕರು ಮೇಜು ಗುದ್ದಿ ಭಾಷಣ ಮಾಡಿದರು: ‘ಅಣ್ಣತಮ್ಮಂದಿರ ನಡುವ ಗ್ವಾಡಿ ಯಾಕ? ಕೆಡವ್ರಿ ಆ ಗ್ವಾಡಿ! ಎಲ್ಲಾರೂ ಒಂದ ಸೂರಿನ ಕೆಳಗ ಬರ್ರಿ!’ ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯವರೂ ಇದ್ದರು.

ಇಂಥ ಮನುಷ್ಯ ಇಲ್ಲವೆನ್ನಲಾರರು ಎಂದು ಮರುದಿನ ಬೆಳಿಗ್ಗೆಯೇ ಹೋಗಿ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದರು.

‘ಕಟ್ಟಿಕೊಳ್ರಿ ಮಾಸ್ತರ. ಕೂಸಿನ ಸಲುವಾಗಿ ಬ್ಯಾಡನ್ನಾಕ ಆಗೂದಿಲ್ಲ. ಆದ್ರ ನಿಮ್ಮ ಗ್ವಾಡಿ ನನ್ನ ಗ್ವಾಡಿ ಮುಟ್ಟಬಾರದು. ನಿಮ್ಮ ತೊಲಿ ನನ್ನ ಗ್ವಾಡಿ ಮ್ಯಾಲೆ ಕೂಡಬಾರದು. ಇಂದು ಬೆನ್ನು ಹಚ್ಚಿದವ ನಾಳೆ ಮನೀನ ನಂದು ಅಂತಾನ. ನಡುವ ಒಬ್ಬ ಮನಷ್ಯಾ ಹಾಯ್ದು ಹೋಗುವಷ್ಟು ಸಂದಿ ಇರಬೇಕು. ಒಪ್ಪಿದ್ರ ಕಟ್ರಿ. ಇಲ್ಲಂದ್ರ ಒಂದ ಇಟ್ಟಂಗಿ ಇಡಗೊಡೂದಿಲ್ಲ.’

‘ನಿನ್ನೆ ಸಭಾದಾಗ ಗ್ವಾಡಿ ಕೆಡವ್ರಿ ಅಂದ್ರಿ’ ಎಂದೆ.

‘ಅದು ನಾಡಿಂದು. ಇದು ನಂದು.’

ಇಷ್ಟು ಬಿಗಿಯಾದ ಕರಾರನ್ನು ಅತ್ತೆಯವರಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದ ಮೇಲೆ ಅವರು ಸಂತೋಷಪಟ್ಟರು. ‘ನಾ ಹಾಕಬೇಕಂತ ಮಾಡಿದ್ದ ಕರಾರು ಅವರ ಹಾಕ್ಯಾರ’ ಎಂದು ಕಂಬಕ್ಕೆ ಹೇಳಿದರು. ‘ಶ್ಯಾಣ್ಯಾ ಮನಷ್ಯಾ. ನಾಡು ಒಂದಾಗಲಿ, ಸೂರು ಮಾತ್ರ ಬ್ಯಾರೆ ಇರಲಿ.’

ಹಲಗೆಯ ಮೇಲಿನ ಕೋಣೆ

ಏಳನೆಯ ಇಯತ್ತೆಗೆ ಕ್ಷೇತ್ರಫಲ ಕಲಿಸುವುದಿತ್ತು. ಪುಸ್ತಕದಲ್ಲಿದ್ದ ತೋಟ, ಕೆರೆ, ಹುಲ್ಲುಗಾವಲುಗಳನ್ನು ಮಕ್ಕಳು ಉರು ಹೊಡೆದು ಮುಗಿಸಿದ್ದರು. ಹೊಸ ಲೆಕ್ಕ ಇರಲೆಂದು ಹಿತ್ತಲ ಕೋಣೆಯನ್ನೇ ಹಲಗೆಯ ಮೇಲೆ ಬರೆದೆ: ಉದ್ದ, ಅಗಲ, ಒಲೆ, ಬಾಗಿಲು, ಪಕ್ಕದಲ್ಲಿ ನಮ್ಮ ಮನೆಯ ಗೋಡೆ, ನಡುವೆ ಸಂದಿ. ಮೇಲೆ ‘ಅತ್ತೆಯ ಕೋಣೆ’ ಎಂದು ಬರೆದು ಅಡಿಗೆರೆ ಎಳೆಯುವಷ್ಟರಲ್ಲಿ ತಪಾಸಣೆಯ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

‘ಇದು ಯಾವ ಪುಸ್ತಕದ ಲೆಕ್ಕ?’

‘ಪುಸ್ತಕದ್ದಲ್ಲ ಸಾಹೇಬರೆ, ನನ್ನದು.’

ಅವರು ಕನ್ನಡಕ ಏರಿಸಿ ಹಲಗೆಯ ಹತ್ತಿರ ಹೋದರು. ಬೈಯುತ್ತಾರೆಂದು ಕಾದೆ. ಅವರು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಒಲೆಯನ್ನು ಅಳಿಸಿದರು.

‘ಒಲಿ ಆಗ್ನೇಯಕ್ಕ ಬರಬೇಕು. ಹೊಗಿ ಎತ್ತ ಹೋಗತದ? ಕಿಟಕಿ ಎಲ್ಲಿ? ಇಲ್ಲೊಂದು ಕಿಟಕಿ ಇಡ್ರಿ.’

ಹಿಂದಿನ ಸಾಲಿನಿಂದ ಒಂದು ದನಿ ಬಂತು: ‘ಸರ, ಅಲ್ಲಿ ಇಟ್ರ ಅತ್ತ್ಯಾರಿಗೆ ಮಾಸ್ತರ ಮನಿಯೆಲ್ಲಾ ಕಾಣತೈತ್ರಿ.’

ಸಾಹೇಬರ ಕೈ ಹಲಗೆಯ ಮೇಲೆಯೇ ನಿಂತಿತು. ‘ಹಂಗಾರ ಬ್ಯಾಡ’ ಎಂದು ಕಿಟಕಿಯನ್ನು ಪೂರ್ವಕ್ಕೆ ಸರಿಸಿದರು. ತಾಸು ಮುಗಿಯುವವರೆಗೆ ಅವರೂ ಮಕ್ಕಳೂ ಸೇರಿ ಆ ಕೋಣೆಗೆ ಗೂಡು, ನೀರಿನ ಕಟ್ಟೆ, ಬೆಳಕಿಂಡಿ ಎಲ್ಲ ಇಟ್ಟರು. ಕ್ಷೇತ್ರಫಲವನ್ನು ಯಾರೂ ತೆಗೆಯಲಿಲ್ಲ.

ಗಂಟೆ ಹೊಡೆದ ಮೇಲೆ ಅವರು ನನ್ನನ್ನು ಜಗಲಿಯ ಮೂಲೆಗೆ ಕರೆದರು.

‘ಈ ನಕಾಶಿ ಒಂದು ಕಾಗದದ ಮ್ಯಾಲೆ ತಗದು ಕೊಡತೀರೇನು?’

‘ಇಲಾಖೆಗೇನ್ರಿ?’

‘ಅಲ್ಲ. ನಮ್ಮ ಅತ್ತಿ ಎಂಟು ದಿವಸ ಇದ್ದು ಹೋಗತೀನಂತ ಮುಂಡರಗಿಯಿಂದ ಬಂದು ಮೂರು ವರ್ಷಾತು.’ ಸುತ್ತ ನೋಡಿ ದನಿ ಇಳಿಸಿದರು. ‘ಸಂದಿ ಮಾತ್ರ ಇನ್ನಷ್ಟು ಅಗಲ ಹಾಕ್ರಿ.’

ಯಾರ ಮೊಳ?

ಫೂಟು, ಇಂಚು ಹಾಕಿ ತೆಗೆದ ನಕಾಶೆಯನ್ನು ಗೌಂಡಿಯ ಕೈಗೆ ಕೊಟ್ಟೆ. ಬೆಟಗೇರಿಯ ಅರ್ಧ ಮನೆಗಳನ್ನು ಕಟ್ಟಿದ ಮುಸಲ್ಮಾನ ಮುದುಕ ಅವರು, ಓಣಿಗೆಲ್ಲ ಚಾಚಾ. ‘ಭಾಳ ಛಲೋ ತಗದೀರಿ ಮಾಸ್ತರ’ ಎಂದು ಅದನ್ನು ಮಡಿಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡರು. ಕೆಲಸ ಮುಗಿಯುವವರೆಗೆ ಅದು ಅಲ್ಲಿಯೇ ಇತ್ತು.

‘ಇನ್ನ ಯಜಮಾನರ ಕೈ ಕೊಡ್ರಿ.’

ನಮ್ಮ ಕಡೆ ಮನೆಯನ್ನು ಅದರ ಯಜಮಾನನ ಮೊಳದಿಂದ ಅಳೆಯುವುದು ಪದ್ಧತಿ. ಮೊಣಕೈಯಿಂದ ಮುಷ್ಟಿಯವರೆಗೆ ದಾರ ಹಿಡಿದು, ಆ ದಾರದಿಂದ ಉದ್ದ ಅಗಲ ಅಳೆದು, ಲೆಕ್ಕ ಹಾಕಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಮನೆಯ ಆಯ. ಧ್ವಜ, ಸಿಂಹ, ವೃಷಭ, ಗಜ ಬಂದರೆ ಒಳ್ಳೆಯದು. ಹೊಗೆ, ನಾಯಿ, ಕತ್ತೆ, ಕಾಗೆ ಬಂದರೆ ಕೆಟ್ಟದ್ದು.

‘ಯಜಮಾನರು ಯಾರ್ರಿ?’ ಎಂದರು ಚಾಚಾ.

ಮೂರು ಕೈ ಮುಂದೆ ಬಂದವು. ‘ಜಾಗಾ ನಂದು’ ಎಂದರು ನೋಡಲು ಬಂದಿದ್ದ ಮಾಲಕರು. ‘ಕಟ್ಟಿಸುವವನು ನಾನು’ ಎಂದೆ ನಾನು. ಅತ್ತೆಯವರು ಸೆರಗಿನಿಂದ ಕೈ ಹೊರಗೆ ಚಾಚಿದರು.

ಚಾಚಾ ಮೂರು ದಾರ ಕತ್ತರಿಸಿ, ಗೂಟ ಹೊಡೆದಿದ್ದ ಅದೇ ಜಾಗವನ್ನು ಮೂರು ಸಲ ಅಳೆದರು. ಬೆರಳು ಮಡಿಚಿ ಲೆಕ್ಕ ಹಾಕಿದರು.

‘ಸಾವಕಾರ್ರ ಮೊಳದಾಗ ಕತ್ತಿ ಬಂತ್ರಿ.’

‘ಏನಂದಿ? ನನ್ನ ಜಾಗಾದಾಗ ನನಗ ಕತ್ತಿ?’

‘ನಾ ಏನ್ ಮಾಡ್ಲಿರಿ, ಕೈ ನಿಮ್ದು. ಮಾಸ್ತರ ಮೊಳದಾಗ ನಾಯಿ.’ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ‘ಅವ್ವಾರದ್ದು...’ ಚಾಚಾ ಎರಡನೆಯ ಸಲ ಎಣಿಸಿ ಕಣ್ಣರಳಿಸಿದರು. ‘ಸಿಂಹ!’

ಅತ್ತೆಯವರು ಕೈಯನ್ನು ಮತ್ತೆ ಸೆರಗಿನೊಳಗೆ ತೆಗೆದುಕೊಂಡರು. ಮಾಲಕರು ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದರು.

ಆಮೇಲೆ ಅತ್ತೆಯವರು ನಮ್ಮ ಮನೆಯ ಊಟದ ಮಣೆಗಳನ್ನು ತಂದು ದಾರದ ಒಳಗೆ ನೆಲದ ಮೇಲೆ ಸಾಲಾಗಿ ಇಟ್ಟು ನೋಡಿದರು. ಒಲೆ, ನೀರಿನ ಗಡಿಗೆ, ಬಾಗಿಲು ತೆರೆಯುವ ಜಾಗ ಬಿಟ್ಟರೆ ಎರಡು ಮಣೆ ಹಿಡಿದವು.

‘ಮೂರು ಹಿಡೀಬೇಕು’ ಎಂದರು.

‘ಮೂರು ಯಾರಿಗ್ರಿ ಅವ್ವಾರ? ಹಬ್ಬ ಹುಣ್ಣಿಮಿಗೆ ಮಾಸ್ತರು, ಕೂಸು, ಎರಡಾತು. ನೀವಂತೂ ಅಳಿಯನ ಪಂಕ್ತ್ಯಾಗ ಕೂಡವ್ರಲ್ಲ.’

‘ಮೂರು.’

‘ಗೂಟ ಸರಿಸಿದ್ರ ಸಿಂಹ ಹೋಗಿ ಕಾಗಿ ಬರತೈತ್ರಿ.’

ಅತ್ತೆಯವರು ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು. ‘ನನ್ನ ಮೊಳ ಅಳೆಯೂಮುಂದ ನಾ ಮುಷ್ಟಿ ಹಿಡಿದಿದ್ದೆ, ಹೌದಲ್ಲೋ?’

‘ಹೌದ್ರಿ.’

‘ಈಗ ಅಳಿ.’ ಮುಷ್ಟಿ ಬಿಚ್ಚಿ ಬೆರಳುಗಳನ್ನು ನೀಟಾಗಿ ಚಾಚಿದರು.

ಮೊಳ ಉದ್ದವಾಯಿತು. ಮೊಳಗಳ ಎಣಿಕೆ ಅಷ್ಟೇ ಇದ್ದದ್ದರಿಂದ ಶೇಷ ಬದಲಾಗಲಿಲ್ಲ. ಕೋಣೆ ಮಾತ್ರ ದೊಡ್ಡದಾಯಿತು. ಮೂರು ಮಣೆ ಹಿಡಿದವು. ಆ ಕಡೆ ಮಾಲಕರ ಬಾವಿ ಇದ್ದುದರಿಂದ ಹೆಚ್ಚಿದ ಅಗಲವೆಲ್ಲ ಈ ಕಡೆಯ ಸಂದಿಯಿಂದಲೇ ಬಂತು. ಅದನ್ನು ಯಾರೂ ಎತ್ತಿ ಆಡಲಿಲ್ಲ.

‘ಇಷ್ಟೊತ್ತನಕ ಸಿಂಹ ಮುದುಡಿಕೊಂಡು ಕುಂತಿತ್ತು’ ಎಂದರು ಚಾಚಾ, ಗೂಟ ಕೀಳುತ್ತ. ‘ಈಗ ಕಾಲು ಚಾಚಿ ಮಲಗತೈತಿ.’

ಬೇಡದ ಕಂಬ

ಇದು ಸಣ್ಣ ಸಂಗತಿ. ಅಡಿಪಾಯ ಹಾಕಿ ಮುಗಿದ ದಿನ ಅತ್ತೆಯವರು ಬಾಗಿಲ ಮುಂದಿನ ಕಟ್ಟೆಯ ಮೇಲೆ ಒಂದು ಜಾಗ ತೋರಿಸಿ, ‘ಇಲ್ಲೊಂದು ಕಂಬ ಬರಲಿ’ ಎಂದರು.

ಚಾಚಾ ತಲೆ ಕೆರೆದುಕೊಂಡರು. ‘ಇಷ್ಟು ಸಣ್ಣ ಮನಿಗೆ ಕಂಬ ಯಾಕ್ರಿ? ಗ್ವಾಡಿಯಿಂದ ಗ್ವಾಡಿಗೆ ತೊಲಿ ಕೂಡತಾವ. ಕಂಬ ಏನೂ ಹೊರೂದಿಲ್ಲ. ಸುಮ್ಮನ ನಿಂತಿರತೈತಿ.’

‘ಹೊರಾಕಲ್ಲೋ ತಮ್ಮಾ.’

‘ಮತ್ತ?’

‘ಅಳಿಯನ ಕೂಡ ಮಾತಾಡೂದು ಹ್ಯಾಂಗ?’

ಶಿರಹಟ್ಟಿಯ ಬಾಗಿಲು

ತೊಲೆಗಳು ಬೆಳ್ಳಟ್ಟಿಯ ಹೊಲದ ಬೇವಿನವು. ಬಾಗಿಲಿಗೆ ಲಕ್ಷ್ಮೇಶ್ವರದ ಸಂತೆಯಲ್ಲಿ ಎರಡು ವಾರ ಹುಡುಕಿದೆ. ಒಂದು ಸಣ್ಣ ಒಂಟಿಕದದ ಬಾಗಿಲು ನನ್ನ ನಕಾಶೆಗೆ ಸರಿಯಾಗಿ ಹೊಂದುತ್ತಿತ್ತು. ಅತ್ತೆಯವರು ಅದನ್ನು ಬೆರಳಿನಿಂದ ತಟ್ಟಿ, ‘ಕೋಳಿಗೂಡಿಂದು’ ಎಂದರು. ಅವರಿಗೆ ಶಿರಹಟ್ಟಿಯಲ್ಲಿ ಒಂದು ಬಾಗಿಲು ಗೊತ್ತಿತ್ತು.

ಶಿರಹಟ್ಟಿ ಮೊದಲು ಸಂಸ್ಥಾನದ ಊರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ ಮುಗಿದು, ಅಲ್ಲಿ ಆಡಳಿತ ನಡೆಸಿದ್ದ ಹಳೆಯ ಕಾರಭಾರಿಯೊಬ್ಬರ ದೊಡ್ಡ ವಾಡೆಯನ್ನು ಬಿಚ್ಚಿ ಮಾರುತ್ತಿದ್ದರು. ಅದರ ಬಾಗಿಲು ತೇಗಿನದು, ಎರಡು ಕದ, ಹಿತ್ತಾಳೆಯ ಗುಬ್ಬಿಮೊಳೆಗಳು. ಆನೆ ಬಂದು ಗುದ್ದಿದರೂ ತಡೆಯಲೆಂದು ಮಾಡಿದ್ದು. ನಮ್ಮ ಹಿತ್ತಲಿಗೆ ಆನೆ ಬರುವ ಸಂಭವ ಇರಲಿಲ್ಲ.

‘ಭಾಳ ದೊಡ್ಡದಾತು’ ಎಂದು ನಾನು ವಾಡೆಯ ಮುಂದಿನ ಬೇವಿನ ಮರಕ್ಕೆ ಹೇಳಿದೆ. ಅಲ್ಲಿ ಕಂಬ ಇರಲಿಲ್ಲ.

‘ಈ ಬಾಗಲದ ಮುಂದ ನಮ್ಮ ಮಾವ ಕೈ ಕಟ್ಟಿಕೊಂಡು ಬೆಳಗಿಂದ ಸಂಜೀತನಕ ನಿಂತಿದ್ರು’ ಎಂದು ಅತ್ತೆಯವರು ಅದೇ ಮರಕ್ಕೆ ಹೇಳಿದರು. ‘ಒಳಗ ಬಾ ಅನ್ನಲಿಲ್ಲ. ಈಗ ಇದು ಬಂದು ನನ್ನ ಮನಿ ಮುಂದ ನಿಲ್ಲಲಿ.’

ಚಕ್ಕಡಿಯಲ್ಲಿ ಬಾಗಿಲು ಹೇರಿಕೊಂಡು ಹೊರಟೆವು. ಅತ್ತೆಯವರೂ ಮಗಳೂ ಕದಗಳ ಮೇಲೆ, ನಾನು ಹಿಂದೆ ನಡೆದು. ಅರ್ಧ ದಾರಿಯಲ್ಲಿ, ಸುತ್ತ ಹೊಲಗಳ ಹೊರತು ಏನೂ ಇಲ್ಲದ ಕಡೆ, ಎತ್ತುಗಳು ತಾವಾಗಿಯೇ ನಿಂತವು. ಗಾಡಿಯವನು ಹಗ್ಗ ಅಲುಗಿಸಿದ, ಬಾಲ ಮುರಿದ, ಬೈದ, ಅವು ಕದಲಲಿಲ್ಲ. ಆಮೇಲೆ ಅವನು ಸುಮ್ಮನೆ ಬೀಡಿ ಹಚ್ಚಿ ಕುಳಿತ.

‘ಏನಾತೋ?’ ಎಂದೆ.

‘ಏನಿಲ್ಲರಿ. ಸಂಸ್ಥಾನದ ಸುಂಕದ ನಾಕಾ ಇಲ್ಲೇ ಇತ್ತು. ಮಾಲು ತಂದ್ರ ಇಲ್ಲಿ ನಿಂದರಬೇಕಾಗಿತ್ತು. ಇವು ಹಳೇ ಎತ್ತು.’

‘ನಾಕಾ ಹೋಗಿ ಎಷ್ಟೋ ವರ್ಷ ಆತಲ್ಲೋ!’

‘ನಮಗ ಗೊತ್ತೈತ್ರಿ’ ಎಂದು ಅವನು ಹೊಗೆ ಬಿಟ್ಟ. ‘ಇವಕ್ಕ ಇನ್ನೂ ಯಾರೂ ಹೇಳಿಲ್ಲ.’

ಸಂದಿ

ನವರಾತ್ರಿ ಕಳೆಯುವ ಹೊತ್ತಿಗೆ ಗೋಡೆ ಎದ್ದು, ಬಾಗಿಲು ನಿಂತು, ತೊಲೆ ಕೂತಿದ್ದವು. ಮೇಲೆ ಮಣ್ಣು ಹಾಕಿ ಮಾಳಿಗೆ ಮುಗಿಸುವುದಷ್ಟೇ ಉಳಿದಿತ್ತು. ಸಂದಿಯೊಳಗೆ ಆಮೇಲೆ ಕೈ ಆಡುವುದಿಲ್ಲವೆಂದು ಚಾಚಾ ಅಲ್ಲಿಯ ಗೋಡೆಗೆ ಮೊದಲೇ ಸುಣ್ಣ ಹಚ್ಚಿದ್ದರು. ಸುಣ್ಣ ಆ ಸೋಮವಾರ ಮೂಲೆಗೆ ಇಟ್ಟ ಗಡಿಗೆಯದೇ. ‘ನೆನೆದು ಹಳೇದಾದಷ್ಟೂ ಛಲೋ’ ಎಂದು ಚಾಚಾ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಮೆಚ್ಚಿದರು.

ವ್ಯಾಪಾರಕ್ಕೆಂದು ಸೋಲಾಪುರಕ್ಕೆ ಹೋಗಿದ್ದ ಮಾಲಕರು ಒಂದು ಬೆಳಿಗ್ಗೆ ಬಂದರು. ಬಾಗಿಲು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಸಂದಿ ನೋಡಿದರು.

‘ಇದೇನು ಮಾಸ್ತರ? ಕರಾರೇನಿತ್ತು? ಒಬ್ಬ ಮನಷ್ಯಾ ಹಾಯ್ದು ಹೋಗಬೇಕಂದಿದ್ದೆ. ಇದರಾಗ ಬೆಕ್ಕು ಹೋಗತದ. ಚಾಚಾ, ಮ್ಯಾಲೆ ಮಣ್ಣು ಹಾಕಬ್ಯಾಡ. ಈ ಗ್ವಾಡಿ ಇಳಸು.’

ಗೋಡೆ ಇಳಿಸಿ ಮತ್ತೆ ಏರಿಸಿದರೆ ದೀಪಾವಳಿಯೊಳಗೆ ಮಾಳಿಗೆ ಆಗುವ ಮಾತಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಮಗಳು ಚಾಚಾರ ಮರಳಿನ ಗುಡ್ಡೆಯಲ್ಲಿ ಒಲೆ ಹೂಡುತ್ತಿದ್ದಳು.

ಅತ್ತೆಯವರು ಸೆರಗು ಬಿಗಿದು, ಸಂದಿಯ ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬಂದರು. ಮತ್ತೆ ಆ ಕಡೆಯಿಂದ ಈ ಕಡೆಗೆ ಬಂದರು.

‘ಅವ್ವಾರ ಮನಷ್ಯಾರು ಹೌದಲ್ರಿ?’ ಎಂದು ಚಾಚಾ ಕೇಳಿದರು.

‘ಅವರು ಬಡಕಲು! ಮನಷ್ಯಾ ಅಂದ್ರ ಮನಷ್ಯಾನಂಗ ಇರಬೇಕು. ತಡೀರಿ, ಹಾಯೂದು ಆಗೂದಿಲ್ಲ ಅಂತ ನಾನ ತೋರಸ್ತೀನಿ.’ ಮಾಲಕರು ಅಡ್ಡ ತಿರುಗಿ ಸಂದಿಯೊಳಗೆ ನುಗ್ಗಿದರು. ಹಾಯುವುದು ಆಗುವುದಿಲ್ಲವೆಂದು ಅವರು ನಡುಮಧ್ಯದಲ್ಲಿ ಪೂರ್ತಿಯಾಗಿ ತೋರಿಸಿದರು.

ಒಳಗಿನಿಂದ ‘ಮಾಸ್ತರ’ ಎಂದು ಕೇಳಿಸಿತು.

‘ಹಿಂದಕ್ಕ ಬರ್ರಿ’ ಎಂದೆ.

‘ಬರಾಕ ಆಗವಲ್ದು.’

‘ಮುಂದಕ್ಕ?’

‘ಅದೂ ಆಗವಲ್ದು!’

ಚಾಚಾ ಬಗ್ಗಿ ನೋಡಿ ಗಡ್ಡ ನೀವಿಕೊಂಡರು. ‘ಸಾವಕಾರ್ರ, ಒಂದ ದಾರಿ ಐತಿ. ಯಾವದರ ಒಂದು ಗ್ವಾಡಿ ಒಡೀಬೇಕು. ಅವ್ವಾರದು ಹಸಿ ಗ್ವಾಡಿ, ಒಡದ್ರ ನಿಮ್ಮ ಮ್ಯಾಲೆ ಬೀಳತೈತಿ. ನಿಮ್ಮದು ಒಡೀಲೇನು?’

‘ನಂದು ಮುಟ್ಟಬ್ಯಾಡ!’

‘ಹಂಗಾರ ಅವ್ವಾರದು?’

‘ಅದನ್ನೂ ಮುಟ್ಟಬ್ಯಾಡೋ ಮಾರಾಯಾ!’

ಅತ್ತೆಯವರು ಪರ ಗಂಡಸರೊಡನೆ ಮಾತಾಡುವವರಲ್ಲ. ಚಾಚಾ ಒಬ್ಬರೇ ಅದಕ್ಕೆ ಹೊರತು. ಮೊಮ್ಮಗಳನ್ನು ಕರೆದು ಸಂದಿಯ ಬಾಯಲ್ಲಿ ನಿಲ್ಲಿಸಿದರು. ‘ಮಾಲಕ ಅಜ್ಜಾರಿಗೆ ಹೇಳವ್ವಾ, ಮಾತಾಡಬ್ಯಾಡ್ರಿ, ಇದ್ದ ಉಸರೆಲ್ಲಾ ಹೊರಗ ಬಿಟ್ಟು ಮುಂದಕ್ಕ ಸರೀರಿ ಅಂತ.’

ಮಗಳು ತಲೆ ಒಳಗೆ ಹಾಕಿ ತನ್ನ ರೀತಿಯಲ್ಲಿ ಹೇಳಿದಳು: ‘ಅಜ್ಜಾ, ಸುಮ್ಮನಿರು. ಉಸರು ಬಿಡು. ಸರಿ.’

ಉಸಿರು ಬಿಟ್ಟ ಸದ್ದು ನಮಗೂ ಕೇಳಿಸಿತು. ಅಂಗಿಯ ಗುಂಡಿ ಸಿಡಿಯಿತು. ಗೋಡೆ ಕೆರೆಯುವ ಸದ್ದಾಯಿತು. ಮಾಲಕರು ಆ ಕಡೆಯಿಂದ ಹೊರಬಿದ್ದರು. ಹೊಟ್ಟೆಯ ಮೇಲೆಲ್ಲ ಸುಣ್ಣ.

ಚಾಚಾ ಓಡಿಹೋಗಿ ಅವರ ರುಮಾಲು ಎತ್ತಿಕೊಟ್ಟರು. ‘ಹಾಯ್ದು ಬಂದ್ರಲ್ರಿ ಸಾವಕಾರ್ರ! ನೀವ ಹಾಯ್ದ ಮ್ಯಾಲೆ ಈ ಬೆಟಗೇರ್ಯಾಗ ಹಾಯದ ಮನಷ್ಯಾನ ಇಲ್ಲ ಬಿಡ್ರಿ.’

ಮಾಲಕರು ಸಂದಿಯನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ.

‘ಹಾಕು’ ಎಂದರು. ‘ಮ್ಯಾಲೆ ಮಣ್ಣು ಹಾಕು. ಕರಾರು ಮುಗೀತು.’

ಹಬ್ಬಕ್ಕೆ ಕರೆ

ನಾಡು ಒಂದಾದ ವಾರವೇ ದೀಪಾವಳಿ ಬಂತು. ಶಾಲೆಯಲ್ಲಿ ಪೇಢೆ ಹಂಚಿದೆವು; ಓಣಿಗೆಲ್ಲ ತೋರಣ ಕಟ್ಟಿದ್ದರು. ಅತ್ತೆಯವರು ಹಬ್ಬಕ್ಕೆ ಎರಡು ದಿನ ಮೊದಲು ಹಾಲುಕ್ಕಿಸಿ ಹೊಸ ಮನೆ ಹೊಕ್ಕಿದ್ದರು. ಮಗಳ ಬಟ್ಟೆಯ ಗಂಟು ಎದುರಿನ ನೇಕಾರರ ಮನೆಯಿಂದ ಹಿತ್ತಲಿಗೆ ಬಂದಿತ್ತು. ಬೆಳ್ಳಟ್ಟಿಯ ಮಾತು ಯಾರೂ ಎತ್ತಲಿಲ್ಲ.

ಮದುವೆಯಾದಾಗಿನಿಂದ ದೀಪಾವಳಿಗೆ ನಾವು ಬೆಳ್ಳಟ್ಟಿಗೆ ಹೋಗುವುದು ರೂಢಿಯಾಗಿತ್ತು. ಅಲ್ಲಿ ನನಗೆ, ಹೆಂಡತಿಗೆ, ಕೂಸಿಗೆ ಸಾಲಾಗಿ ಮಣೆ ಹಾಕುತ್ತಿದ್ದರು. ಹಿಂದಿನ ವರ್ಷ ಹಬ್ಬ ಇರಲಿಲ್ಲ. ಮಗಳು ತೀರಿಹೋದ ಮೇಲೆ ಅಳಿಯನನ್ನು ಹಬ್ಬಕ್ಕೆ ಕರೆಯುವುದು ಎಲ್ಲಿಯೂ ಇಲ್ಲವಾದ್ದರಿಂದ, ಈ ವರ್ಷ ನಾನು ಅದನ್ನು ಎಣಿಸಿರಲಿಲ್ಲ. ಪಾಡ್ಯದ ದಿನ ಸ್ನಾನ ಮಾಡಿ, ಮಕ್ಕಳ ಪರೀಕ್ಷೆಯ ಕಾಗದ ತಿದ್ದುತ್ತ ಕುಳಿತಿದ್ದೆ. ಹೊಸ ಪರಕಾರ ಉಟ್ಟ ಮಗಳು ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಕುಂಕುಮದ ಬಟ್ಟಲು.

‘ಅಳಿಯಂದ್ರು ಹಬ್ಬಕ್ಕ ಬರಬೇಕಂತ. ಅಜ್ಜಿ ಹೇಳ್ಯಾಳ.’

ಎದ್ದು, ಇದ್ದ ಅಂಗಿಯಲ್ಲೇ ಹಿತ್ತಲ ಬಾಗಿಲು ದಾಟಿದೆ. ಅತ್ತೆಯವರು ಹೊಸ ಕಟ್ಟೆಯ ಮೇಲೆ ನಿಂತಿದ್ದರು. ನನ್ನನ್ನು ಕಂಡೊಡನೆ ಹೊಸ ಕಂಬದ ಕಡೆ ತಿರುಗಿದರು.

‘ಹಬ್ಬಕ್ಕ ಬರೂ ಅಳಿಯಾ ಹಿತ್ತಲ ಬಾಗಲದಿಂದ ಬರತಾನೇನು? ಕಳ್ಳ ಬರತಾನ.’

ಹಿಂದಿರುಗಿ ಹೋದೆ. ಮದುವೆಯ ಕೋಟು ಹಾಕಿ, ರುಮಾಲು ಸುತ್ತಿ, ಮುಂಬಾಗಿಲಿನಿಂದ ಓಣಿಗೆ ಇಳಿದೆ. ಓಣಿ ಸುತ್ತಿ, ಹಿಂದಿನ ಸಂದುಗೊಂದಿಯಿಂದ ಹಿತ್ತಲಿಗೆ ಹೋಗಬೇಕು. ಮಗಳು ದಾರಿ ತೋರಿಸುವವಳಂತೆ ಮುಂದೆ ನಡೆದಳು. ಹಬ್ಬದ ದಿನವಾದ್ದರಿಂದ ಎಲ್ಲರೂ ಕಟ್ಟೆಯ ಮೇಲೆಯೇ ಇದ್ದರು.

‘ಮಾಸ್ತರ ಹೊಂಟ್ರಲ್ಲ, ಎಲ್ಲಿಗೆ?’ ಎಂದರು ಎದುರಿನ ನೇಕಾರರು.

‘ಅತ್ತಿ ಮನಿಗೆ.’

‘ಅಯ್ಯ, ಬೆಳ್ಳಟ್ಟಿ ಕಡೆ ಹೋಗೂ ಮೋಟಾರು ಆಗಲೇ ಹೋತಲ್ರಿ!’

‘ಬೆಳ್ಳಟ್ಟಿಗಲ್ಲ.’

‘ಮತ್ತ ಯಾವೂರಿಗೆ?’

‘ನಮ್ಮ ಹಿತ್ತಲಕ್ಕ.’

ಆ ಮಾತು ನನಗಿಂತ ಮುಂದೆ ಓಡಿತು. ನಾನು ಮೂಲೆ ತಿರುಗುವ ಹೊತ್ತಿಗೆ ಮಾಲಕರು ತಮ್ಮ ಕಟ್ಟೆಯಿಂದ ಇಳಿದು ದಾರಿಗೆ ಅಡ್ಡ ನಿಂತಿದ್ದರು. ಹೊಸ ಅಂಗಿ, ಎಲ್ಲ ಗುಂಡಿಗಳೂ ಇದ್ದವು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಹಬ್ಬಕ್ಕ ಅತ್ತಿ ಮನಿಗೆ ಬರಿಗೈಲೆ ಹೋಗತೀರೇನು?’ ಎಂದು ಒಂದು ಚಿಪ್ಪು ಬಾಳೆಹಣ್ಣು ಕೈಗೆ ಕೊಟ್ಟರು.

‘ಹೋಗಿ ಬರ್ರಿ ಮಾಸ್ತರ. ಸುತ್ತಾದ್ರೂ ಚಿಂತಿಲ್ಲ, ಈ ದಾರೀಲೆ ಹೋಗ್ರಿ. ಉಂಡು ತಿರುಗಿ ಬರೂಮುಂದ ಮಾತ್ರ ಸಂದಿಯೊಳಗ ಕಾಲಿಡಬ್ಯಾಡ್ರಿ!’

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಗಳು ನನ್ನ ಮುಖ ನೋಡಿ, ತಾನೂ ನಕ್ಕಳು.

ಹಿತ್ತಲಲ್ಲಿ ಶಿರಹಟ್ಟಿಯ ಬಾಗಿಲಿನ ಎರಡೂ ಕದ ತೆರೆದಿದ್ದವು. ಕಾಲಿಗೆ ನೀರು ಇಟ್ಟಿದ್ದರು. ಮಗಳು ತಂಬಿಗೆಯಿಂದ ನನ್ನ ಕಾಲಿಗಿಂತ ತನ್ನ ಪರಕಾರಕ್ಕೇ ಹೆಚ್ಚು ನೀರು ಹಾಕಿದಳು. ‘ಬಂದವರು ಒಳಗ ಬಂದು ಕುಂಡ್ರಲಿ’ ಎಂದು ಅತ್ತೆಯವರು ಕಂಬಕ್ಕೆ ಹೇಳಿ, ಬಡಿಸುವುದಕ್ಕೆ ಒಲೆಯ ಹತ್ತಿರ ಹೋಗಿ ನಿಂತರು.

ಒಳಗೆ ಮೂರು ಮಣೆ ಸಾಲಾಗಿ ಇದ್ದವು. ಮೂರರ ಮುಂದೆಯೂ ಎಲೆ ಇತ್ತು.